ಸಣ್ಣ ಸಹಾಯದ್ರವ್ಯ: ಅದನ್ನು ಕೊಡುವ ಮತ್ತು ಬಳಸುವ ಬಗೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಒಂದೆಡೆ ಕಲೆತಾಗಲೆಲ್ಲ ಒಂದು ಪ್ರಶ್ನೆಯು ಏಳುವುದುಂಟು. ಎಲ್ಲರೂ ಕೂಡಿಸಿದ ಅಲ್ಪ ಹಣವನ್ನು ಯಾವ ಸತ್ಕಾರ್ಯಕ್ಕೆ ವಿನಿಯೋಗಿಸಬೇಕು? ಒಬ್ಬರು, “ಇಷ್ಟು ಸ್ವಲ್ಪದರಿಂದ ಏನಾದೀತು? ಯಾವುದಾದರೊಂದು ದೊಡ್ಡ ಸಂಸ್ಥೆಗೆ ಕಳುಹಿಸಿ ರಸೀದಿ ತರಿಸಿಕೊಳ್ಳೋಣ” ಎನ್ನುವರು. ಮತ್ತೊಬ್ಬರು, “ನಮ್ಮ ಊರಿನ ಮಹಿಳಾ ಸಮಾಜಕ್ಕೇ ಏಕೆ ಕೊಡಬಾರದು?” ಎಂದು ಕೇಳುವರು. ಮಾತು ಬೆಳೆದು ಹೊತ್ತು ಮುಳುಗುವುದು. ತೀರ್ಮಾನವು ಮುಂದಿನ ವರ್ಷಕ್ಕೆ ಉಳಿಯುವುದು. ಈ ಪ್ರಶ್ನೆಯನ್ನು ಕುರಿತು ಬೇರೆ ಬೇರೆ ಕಡೆಗಳಲ್ಲಿ ಜನರು ಮಾಡಿ ನೋಡಿದ ಪ್ರಯತ್ನಗಳಿಂದ ನಾವು ಕಲಿಯಬಹುದಾದ ಸಂಗತಿಗಳು ಹಲವಿವೆ. ಅವುಗಳಲ್ಲಿ ಕೆಲವನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಮಾತಾಪಿತರ ಮುಂದೆ ಇಡುವುದೇ ಈ ಲೇಖನದ ಉದ್ದೇಶವು.

ಮೊದಲು ಹೆಸರಿನ ಅರ್ಥವನ್ನು ಸ್ಪಷ್ಟ ಮಾಡಿಕೊಳ್ಳೋಣ. ದಾನವನ್ನು ಕೊಟ್ಟವರು ಅದನ್ನು ಮರೆತುಬಿಡಬೇಕೆಂದು ಹಿರಿಯರು ಹೇಳುವರು. ಸಾಲವನ್ನು ಕೊಟ್ಟವರಾದರೋ ಅದು ಬಡ್ಡಿಯೊಡನೆ ಹಿಂದಿರುಗುವ ತನಕ ಮರೆಯುವಂತಿಲ್ಲ. ಸಹಾಯದ್ರವ್ಯವು ಇವೆರಡರ ನಡುವಣ ವಸ್ತುವು. ಅದನ್ನು ಹಿಂದಿರುಗಿಸಬೇಕಾದುದಿಲ್ಲ, ಆದರೆ ಅದು ಇಂಥ ಕೆಲಸಕ್ಕೆಂದೇ ಕೊಟ್ಟ ಹಣವಾದುದರಿಂದ ಆ ಕೆಲಸವು ನಡೆಯಿತೆಂಬುದನ್ನು ತಿಳಿಸಿ ಲೆಕ್ಕವನ್ನು ಒಪ್ಪಿಸತಕ್ಕದ್ದು. ಹೀಗೆ ಅದರಲ್ಲಿ ಎರಡು ಕಡೆಯವರಿಗೂ ಒಂದೊಂದು ಹೊಣೆಯುಂಟು. ಕೊಡುವವರು ವಿಚಾರಿಸಿ ಕೊಡಬೇಕು. ಪಡೆದವರು ಹೇಳಿದಂತೆ ನಡೆಯಬೇಕು.

ಇದರಲ್ಲಿ ಕೊಡುವವರ ಹೊಣೆಯೇ ಹಿರಿದೆಂಬುದನ್ನು ನಾನು ಒಂದು ತಪ್ಪಿನಿಂದ ಕಲಿತೆನು. ಅನೇಕ ವರ್ಷಗಳ ಕೆಳಗೆ ನಾನು ಉಪಾಧ್ಯಾಯಿನಿಯಾಗಿದ್ದ ಊರಿನಲ್ಲಿ ನಾವು ಕೆಲವು ಮಂದಿ ಸ್ನೇಹಿತೆಯರು ಸೇರಿ ಹಣ ಕೂಡಿಸಿ, ಹತ್ತಿರದ ಹಳ್ಳಿಯ ಹೆಂಗಸರ ಸಂಘಕ್ಕೆ ನಾಲ್ಕು ಹೊಲಿಗೆಯ ಯಂತ್ರಗಳನ್ನು ಕೊಂಡುಕೊಟ್ಟೆವು. ಹಾರ ಹಾಕಿ, ಭಾಷಣ ಮಾಡಿ, ಪಟ ತೆಗೆಸಿಕೊಂಡೆವು. ಎರಡು ವರ್ಷಗಳ ಮೇಲೆ ಆ ಹಳ್ಳಿಗೆ ಹೋದಾಗ ಯಂತ್ರಗಳು ಸಂಘದ ಕಾರ್ಯದರ್ಶಿನಿಯ ಮನೆಯ ಮೂಲೆಯಲ್ಲಿ ಹಳೆಯ ಸೀರೆಯೊಂದನ್ನು ಹೊದೆದುಕೊಂಡು ತುಕ್ಕು ಹಿಡಿಯುತ್ತಿದ್ದುವು. ಆ ಹೆಂಗಸರೆಲ್ಲರೂ ಹೊಲದ ಕೂಲಿಗೆ ಹೋಗುವವರು. ನಾಟಿಯ ಕಾಲದಲ್ಲಿ ಎಳೆಯ ಮಕ್ಕಳನ್ನು ಎಲ್ಲಿ ಬಿಟ್ಟು ಹೋಗುವುದೆಂಬುದು ಅವರ ಕಷ್ಟವಾಗಿತ್ತು. ಆ ಮಾತನ್ನು ನಮಗೆ ಹೇಳಲಿಲ್ಲವೇಕೆಂದು ಕೇಳಿದೆನು. “ನೀವು ಕೇಳಲಿಲ್ಲವಲ್ಲ, ಟೀಚರಮ್ಮ” ಎಂದು ಆಕೆ ಸಮಾಧಾನವಾಗಿಯೇ ಉತ್ತರ ಕೊಟ್ಟಳು. ನಮ್ಮ ಲೆಕ್ಕದ ಪುಸ್ತಕದಲ್ಲಿ ಒಂದು ಕಾಸೂ ತಪ್ಪಿರಲಿಲ್ಲ. ಹಣವು ಮಾತ್ರ ಪೂರ್ತಿ ವ್ಯರ್ಥವಾಗಿತ್ತು. ಕೊಳ್ಳಬೇಕಾದ ಸಾಮಾನುಗಳ ಪಟ್ಟಿಯನ್ನು ಬರೆದ ಕೈ ನನ್ನದೇ ಆಗಿತ್ತು.

ಹಾಗಾದರೆ ಸಣ್ಣ ಹಣವು ಸಾರ್ಥಕವಾಗುವುದು ಹೇಗೆ? ಇದಕ್ಕೆ ಉತ್ತರವಾಗಿ ಅಮೆರಿಕ ದೇಶದ ದಕ್ಷಿಣ ಸಂಸ್ಥಾನಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಡೆದ ಒಂದು ಕಾರ್ಯವನ್ನು ಮೊದಲು ಹೇಳುವೆನು. ವಿದ್ಯಾಶಾಲೆಯೊಂದರ ಮಕ್ಕಳಾದ ನಮಗೆ ಅದು ಮನಮುಟ್ಟುವಂಥದು. ಅಲ್ಲಿ ಗುಲಾಮತನವು ೧೮೬೫ರಲ್ಲಿಯೇ ಕೊನೆಗೊಂಡಿದ್ದರೂ, ಆಫ್ರಿಕ ಮೂಲದ ಪ್ರಜೆಗಳ ಮಕ್ಕಳಿಗೆ ಬೇರೆ ಶಾಲೆ, ಬಿಳಿಯರ ಮಕ್ಕಳಿಗೆ ಬೇರೆ ಶಾಲೆ ಎಂಬ ಕಟ್ಟಳೆಯಿತ್ತು. ತೆರಿಗೆಯನ್ನು ಎಲ್ಲರಿಂದಲೂ ಎತ್ತುತ್ತಿದ್ದರೂ ಕಪ್ಪು ಮಕ್ಕಳ ಶಾಲೆಗೆ ಅದರಲ್ಲಿ ಸಿಕ್ಕುತ್ತಿದ್ದುದು ಅತ್ಯಲ್ಪ. ಮುರುಕು ಗುಡಿಸಲಿನಲ್ಲಿಯೋ ಪ್ರಾರ್ಥನಾಮಂದಿರದ ಮೂಲೆಯಲ್ಲಿಯೋ ವರ್ಷದಲ್ಲಿ ಕೆಲವೇ ತಿಂಗಳುಗಳ ಕಾಲ ಪಾಠ ನಡೆಯುತ್ತಿತ್ತು.

ಫಿಲಡೆಲ್ಫಿಯ ನಗರದ ಕ್ವೇಕರ್ ಪಂಥದ ಮಹಿಳೆಯಾದ ಆನಾ ಟಿ. ಜೀನ್ಸ್ ಎಂಬಾಕೆಯು ೧೯೦೭ರಲ್ಲಿ ಇಂಥ ಹಳ್ಳಿಯ ಶಾಲೆಗಳಿಗಾಗಿಯೇ ಹತ್ತು ಲಕ್ಷ ಡಾಲರುಗಳನ್ನು ತೆಗೆದಿಟ್ಟಳು. ದೊಡ್ಡ ಕಾಲೇಜುಗಳಿಗೆ ಕೊಡುವವರು ಅನೇಕರಿದ್ದಾರೆ, ತನ್ನ ಹಣವು ಸಣ್ಣ ಶಾಲೆಗಳಿಗೇ ಸಲ್ಲಬೇಕೆಂಬುದು ಆಕೆಯ ಸಂಕಲ್ಪವು. ಆ ವರ್ಷವೇ ಆಕೆ ತೀರಿಹೋದಳು. ಆ ನಿಧಿಯಿಂದ ಸಂಬಳ ಪಡೆದ ಮೊದಲನೆಯ ಉಪಾಧ್ಯಾಯಿನಿಯು ವರ್ಜೀನಿಯ ಸಂಸ್ಥಾನದ ಹೆನ್ರೈಕೊ ಜಿಲ್ಲೆಯ ವರ್ಜೀನಿಯ ರಾಂಡಾಲ್ಫ್. ಈಕೆಯು ಒಂದೇ ಕೋಣೆಯ ಶಾಲೆಯಲ್ಲಿ ಪಾಠ ಹೇಳುತ್ತ, ಸುಣ್ಣ ಬಳಿಸಿ, ತೋಟ ಹಾಕಿಸಿ, ಹುಡುಗಿಯರಿಗೆ ಹೊಲಿಗೆ, ಅಡಿಗೆಗಳನ್ನು ಕಲಿಸಿ, ತಾಯಿತಂದೆಗಳನ್ನು ಶಾಲೆಗೆ ಕರೆತಂದು ಹೆಸರಾಗಿದ್ದಳು. ೧೯೦೮ರಲ್ಲಿ ಆಕೆಯನ್ನು ಜಿಲ್ಲೆಯ ಇತರ ಶಾಲೆಗಳಿಗೂ ಮೇಲ್ವಿಚಾರಕಳಾಗಿ ನೇಮಿಸಿದರು. ಮುಂದೆ ಇಂಥ ಉಪಾಧ್ಯಾಯಿನಿಯರು ದಕ್ಷಿಣದ ಸಂಸ್ಥಾನಗಳಲ್ಲೆಲ್ಲ ಹರಡಿ ೧೯೬೮ರ ತನಕ ಕೆಲಸ ಮಾಡಿದರು. ನಿಧಿಯು ಕೊಟ್ಟುದು ಬಹುಮಟ್ಟಿಗೆ ಅವರ ಸಂಬಳ. ಮಿಕ್ಕುದನ್ನೆಲ್ಲ ಅವರು ಊರಿನವರಿಂದಲೇ ಎಬ್ಬಿಸಿದರು. ಒಬ್ಬ ತಕ್ಕ ವ್ಯಕ್ತಿಯನ್ನು ಕೆಲಸದಲ್ಲಿ ನಿಲ್ಲಿಸುವ ಹಣವು ಎಂಥ ಫಲ ಕೊಡುವುದೆಂಬುದಕ್ಕೆ ಇದೊಂದು ನಿದರ್ಶನ.

ಅದೇ ಕಾಲದಲ್ಲಿ ಷಿಕಾಗೊ ನಗರದ ವ್ಯಾಪಾರಿಯಾದ ಜೂಲಿಯಸ್ ರೋಸೆನ್ವಾಲ್ಡ್ ಎಂಬವರು ೧೯೧೨ರಲ್ಲಿ ತಮ್ಮ ಐವತ್ತನೆಯ ಹುಟ್ಟುಹಬ್ಬದ ನಿಮಿತ್ತ ಟಸ್ಕೀಗಿ ವಿದ್ಯಾಸಂಸ್ಥೆಗೆ ಇಪ್ಪತ್ತೈದು ಸಾವಿರ ಡಾಲರುಗಳನ್ನು ಕೊಟ್ಟರು. ಅದರಲ್ಲಿ ಮಿಕ್ಕಿದ ಸ್ವಲ್ಪ ಹಣದಿಂದ ಅಲಬಾಮದ ಹಳ್ಳಿಗಳಲ್ಲಿ ಆರು ಸಣ್ಣ ಶಾಲೆಗಳನ್ನು ಕಟ್ಟಿ ನೋಡಬಹುದೆ ಎಂದು ಆ ಸಂಸ್ಥೆಯ ಮುಖ್ಯಸ್ಥರಾದ ಬೂಕರ್ ಟಿ. ವಾಷಿಂಗ್ಟನ್ ಅನುಮತಿ ಕೇಳಿದರು. ರೋಸೆನ್ವಾಲ್ಡರು ಒಪ್ಪಿದರು. ಒಂದು ನಿಯಮ ಮಾತ್ರ ಇತ್ತು: ಪೂರ್ತಿ ಹಣವನ್ನು ಯಾರಿಗೂ ಕೊಡುವುದಿಲ್ಲ, ಊರಿನ ಜನರು ತಮ್ಮ ಪಾಲನ್ನು ಕೂಡಿಸಬೇಕು, ಜಿಲ್ಲೆಯ ಅಧಿಕಾರಿಗಳು ತೆರಿಗೆಯ ಹಣದಿಂದ ತಮ್ಮ ಪಾಲನ್ನು ಕೊಡಬೇಕು, ಕಟ್ಟಿದ ಶಾಲೆಯನ್ನು ಸರಕಾರವು ತನ್ನದೆಂದು ನಡೆಸಬೇಕು. ಆರು ಶಾಲೆಗಳು ಎದ್ದು ನಿಂತುವು. ಅವನ್ನು ನೋಡಿ ೧೯೧೪ರಲ್ಲಿ ನೂರು ಶಾಲೆಗಳಿಗೆ ಹಣ ಬಂದಿತು. ವಾಷಿಂಗ್ಟನ್ನರು ೧೯೧೫ರಲ್ಲಿ ಕಾಲವಾದರೂ ಕೆಲಸವು ನಿಲ್ಲಲಿಲ್ಲ. ೧೯೩೨ರ ಹೊತ್ತಿಗೆ ಹದಿನೈದು ಸಂಸ್ಥಾನಗಳಲ್ಲಿ ೪,೯೭೭ ಶಾಲೆಗಳೂ ಅವುಗಳೊಡನೆ ಉಪಾಧ್ಯಾಯರ ಮನೆಗಳೂ ಕೈಗಾರಿಕೆಯ ಕೊಠಡಿಗಳೂ ನಿರ್ಮಾಣವಾಗಿದ್ದುವು.

ಇದರ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡತಕ್ಕದ್ದು. ಒಟ್ಟು ವೆಚ್ಚವು ಸುಮಾರು ೨ ಕೋಟಿ ೮೪ ಲಕ್ಷ ಡಾಲರುಗಳು. ಅದರಲ್ಲಿ ರೋಸೆನ್ವಾಲ್ಡ್ ನಿಧಿಯು ಕೊಟ್ಟುದು ಸುಮಾರು ೪೩ ಲಕ್ಷ. ಕಪ್ಪು ಜನರು, ಅಂದರೆ ಬಹುಪಾಲು ಬಡ ಒಕ್ಕಲು ಮಕ್ಕಳು, ಕೈಯಾರೆ ಕೂಡಿಸಿದ್ದು ಸುಮಾರು ೪೭ ಲಕ್ಷ; ಎಂದರೆ ಆ ಕೋಟ್ಯಧೀಶನಿಗಿಂತಲೂ ಹೆಚ್ಚು. ತೆರಿಗೆಯ ಹಣದಿಂದ ಹೊರಟುದು ಸುಮಾರು ೧ ಕೋಟಿ ೮೧ ಲಕ್ಷ. ಮಿಕ್ಕುದನ್ನು ಬಿಳಿಯ ದಾನಿಗಳು ಕೊಟ್ಟರು. ಮುಷ್ಟಿ ಕಟ್ಟಿ ಕುಳಿತಿದ್ದ ಜಿಲ್ಲೆಯ ಬೊಕ್ಕಸವು ತೆರೆಯುವಂತೆ ಮಾಡಿದುದೇ ಆ ಸಣ್ಣ ಹಣದ ದೊಡ್ಡ ಕೆಲಸವು.

ಬಡವರು ತಮ್ಮ ಪಾಲನ್ನು ಹೇಗೆ ತಂದರು? ಕೆಲವರು ಶಾಲೆಗೆ ಜಾಗ ಕೊಟ್ಟರು. ಕೆಲವರು ಮರ ಕಡಿದು ಹಲಗೆ ಕೊಯ್ದುಕೊಟ್ಟರು. ಕೆಲವರು ಹೊಲದಲ್ಲಿ ಒಂದು ತುಂಡನ್ನು ಶಾಲೆಗೆಂದು ಮೀಸಲಿಟ್ಟು ಅದರಲ್ಲಿ ಬೆಳೆದ ಹತ್ತಿಯನ್ನು ಮಾರಿದರು. ಹೆಂಗಸರು ಕೋಳಿ ಮಾರಿದರು, ಊಟ ಕಟ್ಟಿ ಮಾರಿದರು. ಅಲಬಾಮದಲ್ಲಿ ನಡೆದ ಇಂಥ ಒಂದು ಸಭೆಯಲ್ಲಿ, ಗುಲಾಮತನದ ದಿನಗಳನ್ನು ಕಂಡಿದ್ದ ಮುದುಕನೊಬ್ಬನು ಜಿಡ್ಡು ಹಿಡಿದ ಹಳೆಯ ಚೀಲವನ್ನು ಮೇಜಿನ ಮೇಲೆ ಬರಿದು ಮಾಡಿದನೆಂದು ಅಲ್ಲಿದ್ದ ಅಧಿಕಾರಿಯೊಬ್ಬರು ಬರೆದಿಟ್ಟಿರುವರು. ಅದರಲ್ಲಿದ್ದುದು ೩೮ ಡಾಲರುಗಳ ಚಿಲ್ಲರೆ. ಆತನ ಜೀವಮಾನದ ಗಳಿಕೆಯೆಲ್ಲ ಅಷ್ಟೆ. ತನ್ನ ಮೊಮ್ಮಕ್ಕಳ ಮಕ್ಕಳಿಗಾದರೂ ಕಲಿಯುವ ಯೋಗ ಬರಲೆಂಬುದೇ ಆತನ ಆಸೆಯಾಗಿತ್ತು.

ಈ ಕಥೆಗೆ ಇನ್ನೊಂದು ಮುಖವಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಆ ಮುದುಕನೂ ಅವನ ನೆರೆಯವರೂ ಶಾಲೆಗಾಗಿ ತೆರಿಗೆಯನ್ನು ಆಗಲೇ ತೆತ್ತಿದ್ದರು. ಬಿಳಿಯರ ಮಕ್ಕಳಿಗೆ ಸರಕಾರವು ತಾನಾಗಿಯೇ ಕಟ್ಟಿಸಿಕೊಡುತ್ತಿದ್ದ ಶಾಲೆಗೆ ಇವರು ಎರಡನೆಯ ಸಲ ಬೆಲೆ ಕೊಡಬೇಕಾಯಿತು. ಶಾಲೆಗಳಲ್ಲಿ ವರ್ಣಭೇದವು ಕಾನೂನಿಗೆ ವಿರುದ್ಧವೆಂದು ಅಲ್ಲಿಯ ಪರಮೋಚ್ಚ ನ್ಯಾಯಾಲಯವು ೧೯೫೪ರಲ್ಲಿ ತೀರ್ಪು ಕೊಡುವ ತನಕ ಆ ಭೇದವು ಹಾಗೆಯೇ ನಿಂತಿತ್ತು. ಆದುದರಿಂದ, “ನೀವೂ ಪಾಲು ಹಾಕಿದರೆ ಕೊಡುವೆವು” ಎಂಬ ನಿಯಮವನ್ನು ಇಡುವಾಗ, ಪಾಲು ಹಾಕಬೇಕಾದವರು ಯಾರು, ಅವರು ಆಗಲೇ ಎಷ್ಟು ತೆತ್ತಿದ್ದಾರೆ ಎಂಬುದನ್ನು ಕೇಳಿಕೊಳ್ಳಬೇಕು. ಪಾಲು ಹಾಕಿದವರಿಗೆ ಆ ಕೆಲಸವು ತಮ್ಮದೆಂಬ ಅಭಿಮಾನ ಹುಟ್ಟುವುದು ನಿಜ. ಹಸಿದವರಿಂದ ಪಾಲು ಕೇಳುವುದು ಮಾತ್ರ ಕ್ರೂರತನವೇ ಸರಿ.

ಇನ್ನು ನಮ್ಮ ನಾಡಿಗೆ ಬರೋಣ. ಇಂದು ಹಳ್ಳಿಹಳ್ಳಿಗಳಲ್ಲಿ ಕಾಣುವ ಹೆಂಗಸರ ಸ್ವಸಹಾಯ ಸಂಘಗಳ ಬೇರುಗಳಲ್ಲಿ ಒಂದು ಕರ್ನಾಟಕದಲ್ಲಿಯೇ ಇದೆಯೆಂಬುದು ಅನೇಕರಿಗೆ ತಿಳಿಯದು. ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸುವುದಕ್ಕೆಂದು ೧೯೬೮ರಲ್ಲಿ ಸ್ಥಾಪಿತವಾದ ಮೈರಾಡ ಎಂಬ ಸಂಸ್ಥೆಯು ಆಮೇಲೆ ಹಳ್ಳಿಯ ಬಡವರ ನಡುವೆ ಕೆಲಸಕ್ಕೆ ತೊಡಗಿತು. ಅದು ಮೊದಲು ದೊಡ್ಡ ಸಹಕಾರ ಸಂಘಗಳ ಮೂಲಕ ಸಾಲ ಕೊಡಿಸುತ್ತಿತ್ತು. ೧೯೮೪-೮೫ರ ಸುಮಾರಿಗೆ ಆ ಸಂಘಗಳು ಕೆಲವರ ಕೈಗೆ ಸಿಕ್ಕಿ ಒಡೆದುಹೋದುವು. ಆಗ ಕೆಲವು ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಕೂಡಿ ಬಂದು, “ನಾವು ಸಾಲವನ್ನು ತೀರಿಸಲು ಸಿದ್ಧರಿದ್ದೇವೆ, ಆದರೆ ಆ ಸಂಘಕ್ಕೆ ಕಟ್ಟುವುದಿಲ್ಲ, ನಿಮಗೇ ಕಟ್ಟುತ್ತೇವೆ” ಎಂದರಂತೆ. “ನೀವು ಸಾಲ ತಂದುದು ನಮ್ಮಿಂದಲ್ಲ, ಹಣವನ್ನು ನಿಮ್ಮ ಗುಂಪಿನಲ್ಲಿಯೇ ಇಟ್ಟುಕೊಂಡು ನೀವೇ ನಡೆಸಿರಿ” ಎಂದು ಸಂಸ್ಥೆಯವರು ಹೇಳಿದರು. ಒಬ್ಬರನ್ನೊಬ್ಬರು ಬಲ್ಲ ಹದಿನೈದು ಇಪ್ಪತ್ತು ಮಂದಿಯ ಗುಂಪು ಹೀಗೆ ಹುಟ್ಟಿತು.

ಈ ಗುಂಪುಗಳಿಗೆ ಹೊರಗಿನಿಂದ ದೊರೆತ ಸಹಾಯವನ್ನು ಗಮನಿಸಿರಿ. ೧೯೮೭ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕು, ಎಂದರೆ ನಬಾರ್ಡ್, ಮೈರಾಡಕ್ಕೆ ಹತ್ತು ಲಕ್ಷ ರೂಪಾಯಿಗಳ ಸಹಾಯದ್ರವ್ಯವನ್ನು ಕೊಟ್ಟಿತು. ಗುಂಪುಗಳು ತಾವು ಉಳಿಸಿದ ಹಣಕ್ಕೆ ಮತ್ತಷ್ಟು ಕೂಡಿಸಿ, ಲೆಕ್ಕ ಇಡುವುದನ್ನೂ ಸಭೆ ನಡೆಸುವುದನ್ನೂ ಕಲಿಯಲು ಅದು ಸಹಾಯವಾಯಿತು. ಬ್ಯಾಂಕಿನ ದೃಷ್ಟಿಯಿಂದ ಅದು ಚಿಕ್ಕ ಮೊತ್ತ. ಅದರಿಂದ ತಿಳಿದ ಸಂಗತಿಯಾದರೋ ದೊಡ್ಡದು. ಆಸ್ತಿಯಿಲ್ಲದ ಹೆಂಗಸರ ಗುಂಪು ಸಾಲವನ್ನು ತಪ್ಪದೆ ತೀರಿಸಬಲ್ಲದೆಂಬುದೇ ಆ ಸಂಗತಿಯು. ೧೯೯೧ರಲ್ಲಿ ರಿಸರ್ವ್ ಬ್ಯಾಂಕು ಇಂಥ ಗುಂಪುಗಳೊಡನೆ ವ್ಯವಹರಿಸಲು ಬ್ಯಾಂಕುಗಳಿಗೆ ಉತ್ತೇಜನ ಕೊಟ್ಟಿತು. ೧೯೯೨ರಲ್ಲಿ ನಬಾರ್ಡ್ ೫೦೦ ಗುಂಪುಗಳನ್ನು ಗುರಿಯಾಗಿಟ್ಟುಕೊಂಡು ಪರೀಕ್ಷಾರ್ಥವಾಗಿ ಬ್ಯಾಂಕುಗಳ ಸಂಬಂಧವನ್ನು ಏರ್ಪಡಿಸಿತು. ಕರ್ನಾಟಕ ಸರಕಾರವು ೨೦೦೦-೦೧ರಲ್ಲಿ ಸ್ತ್ರೀಶಕ್ತಿ ಯೋಜನೆಯನ್ನು ಆರಂಭಿಸಿ, ಗುಂಪೊಂದಕ್ಕೆ ಐದು ಸಾವಿರ ರೂಪಾಯಿಗಳ ಸುತ್ತುನಿಧಿಯನ್ನು ಕೊಟ್ಟಿತು. ಇಂದು ಭಾರತದಲ್ಲಿ ಬ್ಯಾಂಕಿನಲ್ಲಿ ಉಳಿತಾಯದ ಖಾತೆಯುಳ್ಳ ಇಂಥ ಗುಂಪುಗಳು ಒಂದು ಕೋಟಿಗೂ ಮಿಕ್ಕಿವೆ.

ಸುತ್ತುನಿಧಿಯೆಂಬ ಮಾತು ಅರ್ಥಗರ್ಭಿತವಾದುದು. ಕೊಟ್ಟ ಹಣವನ್ನು ಒಬ್ಬಳೇ ಖರ್ಚು ಮಾಡಿ ಮುಗಿಸುವುದಿಲ್ಲ. ಮಗಳ ಶಾಲೆಯ ಫೀಜಿಗೆಂದು ಒಬ್ಬಳು ತೆಗೆದುಕೊಂಡು ಕಂತಿನಲ್ಲಿ ತೀರಿಸುವಳು. ಆ ಹಣವೇ ಮುಂದಿನ ತಿಂಗಳು ಮತ್ತೊಬ್ಬಳ ಎಮ್ಮೆಗೋ ಗಂಡನ ಔಷಧಕ್ಕೋ ಹೋಗುವುದು. ಯಾರಿಗೆ ಮೊದಲು ಕೊಡಬೇಕು, ಬಡ್ಡಿಯೆಷ್ಟು, ಕಂತು ತಪ್ಪಿದವಳಿಗೆ ಏನು ಮಾಡಬೇಕು ಎಂಬುದನ್ನೆಲ್ಲ ಗುಂಪೇ ವಾರದ ಸಭೆಯಲ್ಲಿ ಗೊತ್ತುಮಾಡುವುದು. ಇಲ್ಲಿಯೂ ಕೊರತೆಗಳುಂಟು. ತೀರ ಬಡವಳಾದವಳು ವಾರದ ಉಳಿತಾಯವನ್ನು ಕಟ್ಟಲಾರದೆ ಗುಂಪಿನ ಹೊರಗೆ ಉಳಿಯುವಳು; ಓದುಬರಹ ಬಲ್ಲವಳೊಬ್ಬಳೇ ಪುಸ್ತಕವನ್ನು ಕೈಯಲ್ಲಿಟ್ಟುಕೊಂಡು ಯಜಮಾನಿಯಾಗುವಳು. ಆದುದರಿಂದಲೇ ಅನುಭವಸ್ಥರು, ಲೆಕ್ಕವನ್ನು ಪ್ರತಿ ಸಭೆಯಲ್ಲಿಯೂ ಗಟ್ಟಿಯಾಗಿ ಓದಿ ಹೇಳಬೇಕೆಂದೂ ಅಧ್ಯಕ್ಷಿಣಿಯ ಸ್ಥಾನವು ಸರದಿಯಂತೆ ಬದಲಾಗಬೇಕೆಂದೂ ಒತ್ತಾಯಪಡಿಸುವರು.

ಇಂಥ ಸಹಾಯಕ್ಕೆ ಬೇಕಾದ ಹಣವು ಎಲ್ಲಿಂದ ಬರಬೇಕು? ಕೋಟ್ಯಧೀಶರಿಂದಲೇ ಬರಬೇಕಾದುದಿಲ್ಲ. ಮಿಜೋರಾಮಿನ ಕ್ರೈಸ್ತ ಸಭೆಯ ಹೆಂಗಸರು ೧೯೧೦ರಲ್ಲಿ ಒಂದು ಪದ್ಧತಿಯನ್ನು ಆರಂಭಿಸಿದರು. ಅಡಿಗೆಗೆಂದು ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿಯನ್ನು ತೆಗೆದು ಬೇರೆ ಗಡಿಗೆಯಲ್ಲಿಡುವುದು. ಅದನ್ನು ಸಭೆಯವರು ಕೂಡಿಸಿ ಮಾರಿ ಸೇವಾಕಾರ್ಯಕ್ಕೆ ಬಳಸುವುದು. ನೂರು ವರ್ಷಗಳು ಕಳೆದರೂ ಈ ಹಿಡಿಯಕ್ಕಿಯ ಪದ್ಧತಿಯು ಅಲ್ಲಿ ನಿಂತಿಲ್ಲ. ಅದರಿಂದ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಕೂಡುತ್ತಿದೆ. ನಮ್ಮ ಅಜ್ಜಿಯರೂ ಮುಷ್ಟಿಯಕ್ಕಿಯನ್ನು ಬಲ್ಲವರೇ.

ಹಾಗೆಯೇ ಭಾರತದ ಮಹಿಳೆಯಾದ ಶಾಂತಿ ಸಾಲೊಮನ್ ಎಂಬವರು ೧೯೫೬ರಲ್ಲಿ ಬೇರೆ ಬೇರೆ ದೇಶಗಳ ಹೆಂಗಸರ ತಂಡದೊಡನೆ ಏಷ್ಯದಲ್ಲಿ ಸಂಚರಿಸುತ್ತಿದ್ದಾಗ, ಅವರಿಗೆ ಕೊರಿಯ ದೇಶವನ್ನು ಪ್ರವೇಶಿಸಲು ಅಪ್ಪಣೆ ದೊರೆಯಲಿಲ್ಲ. ಯುದ್ಧವು ಮುಗಿದು ಮೂರೇ ವರ್ಷಗಳಾಗಿದ್ದ ಕಾಲವದು. ಜೊತೆಯವರು ಮುಂದೆ ಹೋದರು; ಇವರು ಫಿಲಿಪೈನ್ಸ್ ದೇಶದಲ್ಲಿ ಉಳಿದರು. ದೇಶದೇಶಗಳ ನಡುವಣ ಗೋಡೆಗಳನ್ನು ಕುರಿತು ಯೋಚಿಸುತ್ತಿದ್ದಾಗ ಅವರಿಗೊಂದು ಉಪಾಯ ಹೊಳೆಯಿತು. ಪ್ರತಿಯೊಬ್ಬಳೂ ಸಮಾಧಾನಕ್ಕಾಗಿ ಪ್ರಾರ್ಥಿಸುವಾಗ ತನ್ನ ದೇಶದ ಅತ್ಯಂತ ಸಣ್ಣ ನಾಣ್ಯವೊಂದನ್ನು ಬದಿಗಿಡಬೇಕು. ಧನಿಕಳಿಗೂ ಬಡವಳಿಗೂ ಒಂದೇ ನಾಣ್ಯವಾದುದರಿಂದ ಇಲ್ಲಿ ದೊಡ್ಡ ದಾನಿ, ಸಣ್ಣ ದಾನಿ ಎಂಬುದಿಲ್ಲ. ಸುವಾರ್ತೆಯ ಬಡ ವಿಧವೆಯ ಎರಡು ಕಾಸುಗಳ ನೆನಪು ಇದರಲ್ಲಿರುವುದು ವಾಚಕರಿಗೆ ತಾನಾಗಿಯೇ ಹೊಳೆದೀತು. ಹೀಗೆ ಕೂಡಿದ ಹಣವು ಅನೇಕ ದೇಶಗಳ ಹೆಂಗಸರ ಮತ್ತು ಮಕ್ಕಳ ಸಣ್ಣ ಸಣ್ಣ ಕಾರ್ಯಗಳಿಗೆ ಸಹಾಯದ್ರವ್ಯವಾಗಿ ಹೋಗುತ್ತಿರುವುದು.

ಕೂಡಿದ ಹಣವನ್ನು ಹಂಚುವವರು ಯಾರಾಗಿರಬೇಕೆಂಬುದೂ ವಿಚಾರಾರ್ಹವು. ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ಬ್ಯಾಂಕೊಂದರ ಅಧ್ಯಕ್ಷರಾದ ಫ್ರೆಡರಿಕ್ ಗಾಫ್ ಎಂಬವರು ೧೯೧೪ರಲ್ಲಿ ಊರಿನ ನಿಧಿಯೊಂದನ್ನು ಸ್ಥಾಪಿಸಿದರು. ಸತ್ತವರು ಮರಣಶಾಸನದಲ್ಲಿ ಬರೆದಿಟ್ಟ ಉದ್ದೇಶವು ಕಾಲಾಂತರದಲ್ಲಿ ನಿರರ್ಥಕವಾದರೂ ಹಣವು ಅದಕ್ಕೇ ಕಟ್ಟುಬಿದ್ದಿರುವುದನ್ನು ಅವರು ನೋಡಿದ್ದರು. ಅದಕ್ಕಾಗಿ, ಹಲವರ ಹಣವನ್ನು ಒಂದುಗೂಡಿಸಿ, ಊರಿನ ಇಂದಿನ ಅಗತ್ಯವೇನೆಂಬುದನ್ನು ಊರನ್ನು ಬಲ್ಲ ಸಮಿತಿಯೇ ಆಯಾ ಕಾಲಕ್ಕೆ ನಿರ್ಣಯಿಸುವಂತೆ ಏರ್ಪಾಟು ಮಾಡಿದರು. ಇಂಥ ನಿಧಿಗಳು ಇಂದು ಅನೇಕ ದೇಶಗಳಲ್ಲಿವೆ. ದೂರದ ದೊಡ್ಡ ಸಂಸ್ಥೆಗೆ ಹತ್ತು ಸಾವಿರ ರೂಪಾಯಿ ಬೇಡುವ ಸಂಘವನ್ನು ವಿಚಾರಿಸುವುದಕ್ಕೂ ಹತ್ತು ಲಕ್ಷ ಬೇಡುವ ಸಂಸ್ಥೆಯನ್ನು ವಿಚಾರಿಸುವುದಕ್ಕೂ ಹೆಚ್ಚು ಕಡಿಮೆ ಒಂದೇ ಶ್ರಮ ತಗಲುವುದು. ಆದಕಾರಣ ಸಣ್ಣವರು ಅಲ್ಲಿ ಹಿಂದೆ ಬೀಳುವರು. ಹತ್ತಿರದವರಿಗಾದರೋ ವಿಚಾರಣೆಯು ಸುಲಭ. ಆ ಸಂಘದ ಬಾಗಿಲು ಸಂಜೆ ತೆರೆದಿರುವುದೋ ಇಲ್ಲವೋ ಎಂಬುದನ್ನು ಅದೇ ಬೀದಿಯಲ್ಲಿ ನಡೆದುಹೋಗುವವಳು ಬಲ್ಲಳು. ಹತ್ತಾರು ಊರುಗಳಲ್ಲಿ ಚದುರಿರುವ ಹಳೆಯ ವಿದ್ಯಾರ್ಥಿನಿಯರಿಗೆ ಇರುವ ಬಂಡವಾಳವು ಈ ತಿಳಿವಳಿಕೆಯೇ.

ಇನ್ನು ಕೆಲಸಕ್ಕೆ ಬರುವ ಕೆಲವು ಸೂಚನೆಗಳನ್ನು ಹೇಳುವೆನು. ಸಹಾಯ ಕೇಳುವ ಸಂಘವು ತನ್ನ ಭಾಷೆಯಲ್ಲಿಯೇ ಒಂದೆರಡು ಪುಟಗಳಲ್ಲಿ ಇಷ್ಟನ್ನು ತಿಳಿಸಿದರೆ ಸಾಕು: ನಾವು ಯಾರು, ಎಷ್ಟು ಮಂದಿ, ಯಾವ ಕೊರತೆಯನ್ನು ನೀಗಿಸಬೇಕೆಂದಿದ್ದೇವೆ, ಅದು ಕೊರತೆಯೆಂದು ಹೇಳಿದವರು ಯಾರು, ಒಟ್ಟು ಎಷ್ಟು ಹಣ ಬೇಕು, ಅದರಲ್ಲಿ ನಮ್ಮಲ್ಲಿರುವುದೆಷ್ಟು, ಕೆಲಸವು ಯಾವಾಗ ಮುಗಿದೀತು, ಹಣವು ತೀರಿದ ಮೇಲೆ ಕೆಲಸವನ್ನು ಯಾರು ನಡೆಸುವರು, ಲೆಕ್ಕವನ್ನು ಯಾರು ನೋಡುವರು. ಕಡೆಯ ಎರಡು ಪ್ರಶ್ನೆಗಳಿಗೆ ನೇರವಾದ ಉತ್ತರ ಬರೆಯಬಲ್ಲ ಸಂಘವು ನಂಬಿಕೆಗೆ ಅರ್ಹವೆಂದು ತಿಳಿಯಬಹುದು.

ಕೊಡುವವರು ಗಮನಿಸಬೇಕಾದುವು ಇವು. ಅರ್ಜಿಯು ಬಂದ ಮೇಲೆ ಹೋಗಿ ನೋಡಬೇಕು; ಹೋದಾಗ ಪದಾಧಿಕಾರಿಣಿಯರೊಡನೆ ಮಾತ್ರವಲ್ಲದೆ ಹಿಂದೆ ಕುಳಿತಿರುವವರೊಡನೆಯೂ ಮಾತನಾಡಬೇಕು. ಉತ್ತರವು ಹೌದಾಗಲಿ ಅಲ್ಲವಾಗಲಿ ಬೇಗನೆ ತಿಳಿಸಬೇಕು. ತಿಂಗಳುಗಟ್ಟಲೆ ಕಾಯಿಸುವುದು ಬಡ ಸಂಘಕ್ಕೆ ಮಾಡುವ ಅಪಚಾರ. ಹಣವನ್ನು ಎರಡು ಕಂತುಗಳಲ್ಲಿ ಕೊಡುವುದು ಒಳ್ಳೆಯದು. ಕಟ್ಟಡಕ್ಕೂ ಸಾಮಾನಿಗೂ ಕೊಡಲು ಎಲ್ಲರೂ ಇಷ್ಟಪಡುವರು, ಏಕೆಂದರೆ ಅದರ ಮೇಲೆ ಹೆಸರು ಕೆತ್ತಬಹುದು. ಬಾಡಿಗೆ, ಬಸ್ಸಿನ ಚಾರ್ಜು, ದೀಪದ ಖರ್ಚು, ಮಕ್ಕಳನ್ನು ನೋಡಿಕೊಳ್ಳುವವಳ ಸಂಬಳ ಇವುಗಳಿಗೆ ಕೊಡುವವರು ವಿರಳ. ಅನೇಕ ಒಳ್ಳೆಯ ಕೆಲಸಗಳು ನಿಂತುಹೋಗುವುದು ಈ ಚಿಲ್ಲರೆ ಖರ್ಚುಗಳಿಗೆ ಹಣವಿಲ್ಲದೆಯೇ. ಕೊಟ್ಟ ಮೊತ್ತವು ಸಣ್ಣದಾದರೆ ಕೇಳುವ ವರದಿಯೂ ಸಣ್ಣದಾಗಿರತಕ್ಕದ್ದು. ಕೆಲಸವು ಕೆಟ್ಟಿತೆಂದು ಹೇಳಲು ಸಂಘದವರು ಹೆದರದಂತೆ ನಡೆದುಕೊಳ್ಳಬೇಕು; ಹೆದರಿದವರು ಸುಳ್ಳು ವರದಿ ಬರೆಯುವರು.

ಕಾನೂನಿನ ವಿಷಯದಲ್ಲಿಯೂ ಎರಡು ಮಾತುಗಳು ಅವಶ್ಯ. ಉಳಿತಾಯಕ್ಕೆಂದು ಕೂಡಿದ ಇಪ್ಪತ್ತು ಮಂದಿಯೊಳಗಿನ ಸ್ವಸಹಾಯ ಗುಂಪು ನೋಂದಣಿಯಾಗದೆಯೂ ತನ್ನ ಹೆಸರಿನಲ್ಲಿ ಬ್ಯಾಂಕಿನ ಖಾತೆಯನ್ನು ತೆರೆಯಬಹುದು. ಅದಕ್ಕಿಂತ ವಿಶಾಲವಾದ ಸೇವಾಕಾರ್ಯವನ್ನು ಕೈಕೊಳ್ಳುವ ಸಂಘವು ೧೯೬೦ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಮೇರೆಗೆ ನೋಂದಾಯಿಸಿಕೊಳ್ಳುವುದು ಮೇಲು. ಅದಕ್ಕೆ ಕನಿಷ್ಠ ಏಳು ಮಂದಿ ಬೇಕು. ಯಾವ ಸಂಘವೇ ಆಗಲಿ, ಹಣವನ್ನು ಒಬ್ಬರ ಸ್ವಂತ ಖಾತೆಗೆ ಹಾಕದೆ ಸಂಘದ ಖಾತೆಗೇ ಹಾಕಿ, ಇಬ್ಬರ ರುಜುವಿನಿಂದ ತೆಗೆಯುವಂತೆ ಮಾಡತಕ್ಕದ್ದು.

ಪರದೇಶದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯರು ಮುಖ್ಯವಾಗಿ ತಿಳಿಯಬೇಕಾದುದೊಂದುಂಟು. ಭಾರತದ ಪೌರತ್ವವನ್ನು ಉಳಿಸಿಕೊಂಡವಳು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ಹಣವು ವಿದೇಶೀ ವಂತಿಗೆಯೆನಿಸುವುದಿಲ್ಲ. ಬೇರೆ ದೇಶದ ಪೌರತ್ವವನ್ನು ಪಡೆದವಳು ಇಲ್ಲಿಯ ಸಂಘಕ್ಕೆ ಕಳುಹಿಸಿದರೆ, ಆಕೆ ನಮ್ಮ ಶಾಲೆಯ ಮಗಳೇ ಆಗಿದ್ದರೂ, ಅದು ವಿದೇಶೀ ವಂತಿಗೆಯೇ. ಅದನ್ನು ಪಡೆಯಲು ಸಂಘಕ್ಕೆ ೨೦೧೦ರ ವಿದೇಶೀ ವಂತಿಗೆ ನಿಯಂತ್ರಣ ಕಾಯಿದೆಯಂತೆ ನೋಂದಣಿ ಅಥವಾ ಮುಂಚಿತವಾದ ಅಪ್ಪಣೆ ಬೇಕು. ೨೦೨೦ರ ತಿದ್ದುಪಡಿಯ ಮೇಲೆ ಇಂಥ ಹಣವು ಮೊದಲು ದಿಲ್ಲಿಯ ಸ್ಟೇಟ್ ಬ್ಯಾಂಕಿನ ಗೊತ್ತಾದ ಶಾಖೆಯ ಖಾತೆಗೇ ಬರಬೇಕು. ಒಂದು ಸಂಸ್ಥೆಯು ಪಡೆದ ವಿದೇಶೀ ಹಣವನ್ನು ಮತ್ತೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಅದಕ್ಕೆ ಮೊದಲು ದೊಡ್ಡ ಸಂಸ್ಥೆಗಳು ಹೊರಗಿನಿಂದ ಹಣ ತಂದು ಹಳ್ಳಿಯ ಸಣ್ಣ ಸಂಘಗಳಿಗೆ ಹಂಚುತ್ತಿದ್ದುವು. ಆ ದಾರಿಯು ಈಗ ಮುಚ್ಚಿದೆ. ಹೀಗಾಗಿ ಸಣ್ಣ ಸಂಘಗಳಿಗೆ ಇಲ್ಲಿಯೇ, ಈ ದೇಶದವರೇ, ಹತ್ತಿರದವರೇ ಕೊಡುವ ಹಣದ ಅಗತ್ಯವು ಮೊದಲಿಗಿಂತಲೂ ಹೆಚ್ಚಾಗಿದೆ.

ಸಣ್ಣ ಸಹಾಯದ್ರವ್ಯದಿಂದ ಆಗದ ಕೆಲಸಗಳೂ ಇವೆಯೆಂಬುದನ್ನು ಮರೆಯಲಾಗದು. ಆಸ್ಪತ್ರೆಯನ್ನು ನಡೆಸುವುದು, ಕುಡಿಯುವ ನೀರನ್ನು ಊರಿಗೆ ತರುವುದು, ಉಪಾಧ್ಯಾಯರನ್ನು ನೇಮಿಸುವುದು ಇವು ಸರಕಾರದ ಕರ್ತವ್ಯಗಳು. ನಮ್ಮ ಹಣವು ಅವುಗಳಿಗೆ ಬದಲಿಯಾಗಿ ನಿಲ್ಲಲು ಹೋದರೆ, ಕೊಡಬೇಕಾದವರು ಹಾಯಾಗಿ ಕೈ ಹಿಂದೆಗೆಯುವರು. ಕರ್ತವ್ಯವುಳ್ಳವರನ್ನು ಎಬ್ಬಿಸುವುದಕ್ಕೂ, ಇನ್ನೂ ಯಾರೂ ನಂಬದ ಒಂದು ಕೆಲಸವನ್ನು ಮಾಡಿ ತೋರಿಸುವುದಕ್ಕೂ, ಒಂದು ಕೆಲಸವು ನಿಂತುಹೋಗದಂತೆ ಕೈಯಾಸರೆ ಕೊಡುವುದಕ್ಕೂ ಅದು ತಕ್ಕುದು. ಆರು ಶಾಲೆಗಳೂ ಹತ್ತು ಲಕ್ಷ ರೂಪಾಯಿಯೂ ಮಾಡಿದುದು ಅದನ್ನೇ.

ಹೊಲಿಗೆಯ ಯಂತ್ರಗಳ ಕಥೆಯ ಕೊನೆಯನ್ನು ಹೇಳಿ ಮುಗಿಸುವೆನು. ಅವುಗಳಲ್ಲಿ ಮೂರನ್ನು ಆ ಹೆಂಗಸರೇ ಸಭೆ ಕೂಡಿ ಮಾರಿದರು. ನಮ್ಮಲ್ಲಿ ಕೆಲವರಿಗೆ ಅದು ಅಸಮಾಧಾನವಾಯಿತು. ಕೊಟ್ಟ ವಸ್ತುವನ್ನು ಮಾರಬಹುದೆ ಎಂದು ಕೇಳಿದರು. ಬಂದ ಹಣದಿಂದ ಅವರು ಚಾಪೆಗಳನ್ನೂ ಪಾತ್ರೆಗಳನ್ನೂ ಒಂದು ತೊಟ್ಟಿಲನ್ನೂ ಕೊಂಡು, ಹೊಲಕ್ಕೆ ಹೋಗಲಾರದ ಮುದುಕಿಯೊಬ್ಬಳನ್ನು ಮಕ್ಕಳನ್ನು ನೋಡಿಕೊಳ್ಳಲು ಗೊತ್ತುಮಾಡಿದರು. ಆಕೆಯ ತಿಂಗಳ ಸಂಬಳದಲ್ಲಿ ಅರ್ಧವನ್ನು ಒಂದು ವರ್ಷದ ಮಟ್ಟಿಗೆ ನಾವು ಕೊಟ್ಟೆವು. ಮಿಕ್ಕರ್ಧವನ್ನು ಅವರೇ ಕೂಲಿಯ ದಿನ ತಲೆಗಿಷ್ಟೆಂದು ಹಾಕಿದರು. ಮರುವರ್ಷದಿಂದ ಪೂರ್ತಿಯನ್ನೂ ಅವರೇ ಹಾಕಿದರು. ಆ ಸಲ ಯಾರೂ ಪಟ ತೆಗೆಸಿಕೊಳ್ಳಲಿಲ್ಲ. ಉಳಿದ ನಾಲ್ಕನೆಯ ಯಂತ್ರದಲ್ಲಿ ಸಂಘದ ಹುಡುಗಿಯೊಬ್ಬಳು ಹೊಲಿಗೆ ಕಲಿತು ಅದನ್ನು ಚೆನ್ನಾಗಿಯೇ ನಡೆಸುತ್ತಿದ್ದಳು.

ಈ ವರ್ಷವೂ ನಾವು ಕಲೆಯುವೆವು. ಎಂದಿನಂತೆ ಸ್ವಲ್ಪ ಹಣವೂ ಕೂಡೀತು. ಕೂಡಿದುದು ಸ್ವಲ್ಪವೆಂದು ನಾಚಬೇಕಾದುದಿಲ್ಲ. ಬರುವಾಗ ಪ್ರತಿಯೊಬ್ಬಳೂ ತನ್ನ ಊರಿನಲ್ಲಿ ಸದ್ದಿಲ್ಲದೆ ಒಳ್ಳೆಯ ಕೆಲಸ ಮಾಡುತ್ತಿರುವ ಒಂದು ಸಂಘಕ್ಕೆ ಹೋಗಿ, ಅದರವರೊಡನೆ ಕುಳಿತು, ನಿಮಗೆ ಬೇಕಾದುದೇನೆಂದು ಕೇಳಿ, ಅವರ ಉತ್ತರವನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು ಬರಲೆಂದು ನನ್ನ ವಿನಂತಿ. ಹಾಗೆ ಮಾಡಿದರೆ ತೀರ್ಮಾನವು ಮತ್ತೆ ಮುಂದಿನ ವರ್ಷಕ್ಕೆ ಹೋಗಲಾರದೆಂದು ನಂಬಿದ್ದೇನೆ.